ಹನ್ನೆರಡರಲ್ಲಿ ಐದು

ಪೂಜಿತಾಳಿಗೆ ಕೆಲಸ ಸಿಕ್ಕಿದ ದಿನ ಮನೆಯಲ್ಲಿ ಯಾರೂ ಸಿಹಿ ಮಾಡಲಿಲ್ಲ. ಸಂಜೆ ಊಟಕ್ಕೆ ತಿಳಿಸಾರು, ಹುರುಳಿಕಾಯಿ ಪಲ್ಯ ಇತ್ತು. ಎಲ್ಲರಿಗೂ ಸಾರು ಬಡಿಸಿ ಮುಗಿಸಿದ ಮೇಲೆ ಅವಳು ವಿಷಯ ಹೇಳಿದಳು.

"ಲ್ಯಾಬ್‌ನವರು ಫೋನ್ ಮಾಡಿದ್ರು. ನನ್ನ ತಗೋತಾರಂತೆ."

ಸುಹಾಸ ಅನ್ನ ಕಲಸುವುದನ್ನು ನಿಲ್ಲಿಸಿದ. "ಕಂಗ್ರಾಟ್ಸ್. ಟೈಮಿಂಗ್ ಏನು?"

"ಬೆಳಿಗ್ಗೆ ಏಳರಿಂದ ಮೂರೂವರೆ."

"ಏಳಾ?"

"ಏಳು."

ಸುಹಾಸನ ತಾಯಿ ರುಕ್ಮಿಣಿ ತಟ್ಟೆಯಿಂದ ತಲೆ ಎತ್ತಿದರು. "ಏಳಕ್ಕೆ ಅಲ್ಲಿರ್ಬೇಕು ಅಂದ್ರೆ ಆರೂವರೆಗೆ ಮನೆ ಬಿಡ್ಬೇಕು. ಮಗೂಗೆ ಡಬ್ಬಿ ಕಟ್ಟೋರು ಯಾರು?"

"ಅದನ್ನೇ ಕೇಳೋಣ ಅಂತ ಊಟಕ್ಕೆ ಕೂತಾಗ ಹೇಳಿದ್ದು ಅತ್ತೆ."

ಒಂಬತ್ತು ವರ್ಷದ ಸ್ಪಂದನಾ ಇನ್ನೊಂದು ಹಪ್ಪಳ ಕೇಳಿದಳು. ಅದನ್ನು ತರಲು ಪೂಜಿತಾಳೇ ಎದ್ದಳು.

ಮೈಸೂರಿನಲ್ಲಿದ್ದಾಗ ಪೂಜಿತಾ ಆಹಾರ ಪರೀಕ್ಷೆ ಮಾಡುವ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಮದುವೆಯಾಗಿ ಅಮೆರಿಕದ ಬಾಥೆಲ್‌ಗೆ ಬಂದು ಹತ್ತು ವರ್ಷವಾಗಿತ್ತು. ಗಂಡನ ವೀಸಾದ ಮೇಲೆ ಬಂದ ಹೆಂಡತಿಯರಲ್ಲಿ ಕೆಲವರು ಕೆಲಸ ಮಾಡಬಹುದೆಂದು ಸರ್ಕಾರ ಒಪ್ಪಿದ್ದು ಹಿಂದಿನ ವರ್ಷ, ಎರಡು ಸಾವಿರದ ಹದಿನೈದರಲ್ಲಿ. ಅವಳಿಗೆ ಕೆಲಸದ ಪರವಾನಗಿ ಕಾರ್ಡು ಬಂದದ್ದು ಡಿಸೆಂಬರಿನಲ್ಲಿ. ಹತ್ತು ವರ್ಷ ಮನೆಯಲ್ಲಿದ್ದವಳನ್ನು ಸಂದರ್ಶನಕ್ಕೆ ಕರೆದದ್ದು ಒಂದೇ ಒಂದು ಲ್ಯಾಬು. ಅದು ಮನೆಯಿಂದ ಕಾರಿನಲ್ಲಿ ಹದಿನೈದು ನಿಮಿಷದ ದಾರಿ. ಫೆಬ್ರವರಿ ಕೊನೆಯೊಳಗೆ ಉತ್ತರ ಕೊಡಿ ಎಂದಿದ್ದರು.

ಸುಹಾಸನ ಆಫೀಸು ಸಿಯಾಟಲ್‌ನ ಡೆನ್ನಿ ಟ್ರಯಾಂಗಲ್‌ನಲ್ಲಿ. ಅವನು ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಮನೆಗೆ ಒಂದೇ ಕಾರು. ರುಕ್ಮಿಣಿ ಮೈಸೂರಿನಲ್ಲಿ ಮಗಳ ಮನೆಯಲ್ಲಿರುವವರು. ಆರು ತಿಂಗಳಿಗೆಂದು ನವೆಂಬರಿನಲ್ಲಿ ಬಂದಿದ್ದರು, ಮೇ ತಿಂಗಳಲ್ಲಿ ಹೊರಡಬೇಕಿತ್ತು.

"ನಾನು ಹೆಲ್ಪ್ ಮಾಡ್ತೀನಿ," ಎಂದ ಸುಹಾಸ.

"ಹೆಲ್ಪ್ ಬೇಡ. ಅರ್ಧ ಮಾಡ್ತೀರಾ?"

"ಈಗ್ಲೂ ಅರ್ಧ ಮಾಡ್ತಾನೇ ಇದೀನಲ್ಲ."

ಪೂಜಿತಾ ಅವನ ಮುಖ ನೋಡಿದಳು. ಅತ್ತೆ ಎದುರಿಗಿದ್ದಾಗ ಅವಳು ಗಂಡನಿಗೆ ಬಹುವಚನ ಹಚ್ಚುತ್ತಿದ್ದಳು. ಇಲ್ಲದಿದ್ದಾಗ ಏಕವಚನ.

ಆ ವಾರ ಸ್ಪಂದನಾಳಿಗೆ ಶಾಲೆಯಲ್ಲಿ ಭಿನ್ನರಾಶಿ ನಡೆಯುತ್ತಿತ್ತು. ಮೂರರಲ್ಲಿ ಎರಡು ದೊಡ್ಡದೋ, ನಾಲ್ಕರಲ್ಲಿ ಮೂರು ದೊಡ್ಡದೋ ಎಂಬುದು ಹೋಮ್‌ವರ್ಕು. ಉತ್ತರ ಹೇಳಿದರೆ ಸಾಲದು, ಯಾಕೆಂದು ಚಿತ್ರ ಬರೆದು ತೋರಿಸಬೇಕು. ಅವಳು ಹಾಳೆಯನ್ನು ಅಪ್ಪನ ಹತ್ತಿರ ಒಯ್ದಳು.

"ಅಡ್ಡಡ್ಡ ಗುಣಿಸು," ಎಂದ ಸುಹಾಸ, ಫೋನಿನಿಂದ ಕಣ್ಣು ತೆಗೆಯದೆ. "ಎರಡ್ ನಾಲ್ಕಲಿ ಎಂಟು. ಮೂರ್ ಮೂರಲಿ ಒಂಬತ್ತು. ಒಂಬತ್ತು ದೊಡ್ದು. ಮುಗೀತು."

"ಎಂಟು ಅಂದ್ರೆ ಎಂಟು ಏನು ಅಪ್ಪಾ?"

"ಎಂಟು ಎಂಟೇ."

"ಟೀಚರ್ ಹೇಳಿದ್ರು, ಎಂಟು ಏನು ಅಂತ ಗೊತ್ತಿರ್ಬೇಕು."

"ಹಾಗಾದ್ರೆ ಟೀಚರ್‌ನೇ ಕೇಳು."

ಅಜ್ಜಿ ಬರುವ ತನಕ ಸ್ಪಂದನಾ ಮನೆಯಲ್ಲಿ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದಳು. ಅಜ್ಜಿಗೆ ಇಂಗ್ಲಿಷ್ ಬರದ ಕಾರಣ ಮೂರು ತಿಂಗಳಿನಿಂದ ಕನ್ನಡದಲ್ಲಿ ಎಡವುತ್ತ ಮಾತಾಡುತ್ತಿದ್ದಳು. ಹಾಳೆ ಹಿಡಿದು ಅಡುಗೆಮನೆಗೆ ಹೋದಳು. ರುಕ್ಮಿಣಿ ಚಪಾತಿ ಲಟ್ಟಿಸುತ್ತಿದ್ದರು.

"ಕಾಲು, ಅರ್ಧ, ಮುಕ್ಕಾಲು ನಂಗೆ ಗೊತ್ತು," ಎಂದರು ರುಕ್ಮಿಣಿ. "ಪಾವು, ಅಚ್ಚೇರು, ಸೇರು ಎಲ್ಲಾ ಅದರಲ್ಲೇ ಬರುತ್ತೆ. ಈ ಮೂರನೇ ಭಾಗದ ಗೋಜಿಗೆ ನಾವು ಹೋಗಿಲ್ಲ."

"ಎರಡು ಚಪಾತಿ ಕೊಡಿ ಅಜ್ಜಿ. ಸೇಮ್ ಸೈಜ್ ಇರ್ಬೇಕು. ಇಲ್ದಿದ್ರೆ ಚೀಟಿಂಗ್."

ರುಕ್ಮಿಣಿ ಎರಡನ್ನು ಒಂದರ ಮೇಲೊಂದು ಇಟ್ಟು, ಅಂಚು ನೋಡಿ ಕೊಟ್ಟರು. ಸ್ಪಂದನಾ ಒಂದನ್ನು ನಾಲ್ಕು ಮಾಡಿದಳು. ಅದು ಸುಲಭವಾಯಿತು. ಇನ್ನೊಂದನ್ನು ಮೂರು ಮಾಡಲು ಹೋಗಿ ಒಂದು ತುಂಡು ದಪ್ಪ, ಒಂದು ಸಣಕಲು ಆಯಿತು. ಅದನ್ನು ರುಕ್ಮಿಣಿ ಬಾಯಿಗೆ ಹಾಕಿಕೊಂಡು ಹೊಸ ಚಪಾತಿ ಕೊಟ್ಟರು. ಈ ಸಲ ಸರಿಯಾಯಿತು. ಮೂರರಲ್ಲಿ ಎರಡು ಒಂದು ಕಡೆ, ನಾಲ್ಕರಲ್ಲಿ ಮೂರು ಇನ್ನೊಂದು ಕಡೆ ಇಟ್ಟರು.

"ಯಾವ್ದು ದೊಡ್ದು ಹೇಳಿ?"

"ಎರಡೂ ಒಂದೇ ಥರ ಕಾಣುತ್ತೆ ಕಣೆ."

"ಕಣ್ಣಲ್ಲಿ ಗೊತ್ತಾಗಲ್ಲ. ಚೂರು ಬೇರೆ ಬೇರೆ ಸೈಜ್ ಅಲ್ವಾ. ಎರಡನ್ನೂ ಹನ್ನೆರಡು ಚೂರು ಮಾಡ್ಬೇಕು. ಆಗ ಇದು ಎಂಟು ಚೂರು, ಅದು ಒಂಬತ್ತು ಚೂರು." ಅವಳು ಕತ್ತರಿಸತೊಡಗಿದಳು. "ನೋಡಿ, ಎಂಟು ಅಂದ್ರೆ ಎಂಟು ಹನ್ನೆರಡನೇ ಚೂರು. ಅಪ್ಪಂಗೆ ಗೊತ್ತಿಲ್ಲ."

"ಇಷ್ಟು ಪುಡಿ ಮಾಡಿದ್ರೆ ಯಾರೇ ತಿನ್ನೋದು?"

"ಅಪ್ಪ."

ಆ ಚೂರುಗಳನ್ನು ಸುಹಾಸನಿಗೆ ಮೊಸರಿನಲ್ಲಿ ಹಾಕಿ ಕೊಟ್ಟರು. ಯಾಕೆ ಹೀಗಿದೆ ಎಂದು ಅವನು ಕೇಳಲಿಲ್ಲ.

ಪಾಠದ ಕೊನೆಗೆ ಒಂದು ಭಿತ್ತಿಪತ್ರ ಮಾಡಬೇಕಿತ್ತು. ಮನೆಯ ಯಾವುದಾದರೂ ಒಂದು ವಿಷಯದಲ್ಲಿ ಒಬ್ಬೊಬ್ಬರ ಭಾಗ ಎಷ್ಟೆಂದು ಕೇಳಿ, ಎಲ್ಲದಕ್ಕೂ ಒಂದೇ ಛೇದ ಮಾಡಿ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಬೇಕು. ಬೇರೆ ಮಕ್ಕಳು ಪಿಜ್ಜಾ, ಟಿವಿ ನೋಡುವ ಸಮಯ ಇತ್ಯಾದಿ ಆರಿಸಿಕೊಂಡರು. ಸ್ಪಂದನಾ ಮನೆಕೆಲಸ ಆರಿಸಿಕೊಂಡಳು. ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದಳು.

"ಹಾಫ್. ಬರ್ಕೋ," ಎಂದ ಸುಹಾಸ.

"ಮೂರು ಪಾಲಲ್ಲಿ ಎರಡು ಪಾಲು ನಂದೇ," ಎಂದರು ರುಕ್ಮಿಣಿ.

ಪೂಜಿತಾ ಬಟ್ಟೆ ಮಡಚುತ್ತಿದ್ದಳು. "ಮುಕ್ಕಾಲು. ಇನ್ನೂ ಜಾಸ್ತಿ ಹೇಳಬಹುದು. ಮುಕ್ಕಾಲೇ ಇರಲಿ."

ಸ್ಪಂದನಾ ತನಗೆ ಹನ್ನೆರಡರಲ್ಲಿ ಒಂದು ಹಾಕಿಕೊಂಡಳು. ಅವಳು ಚಮಚ ಜೋಡಿಸುತ್ತಿದ್ದಳು, ತುಳಸಿ ಕುಂಡಕ್ಕೆ ನೀರು ಹಾಕುತ್ತಿದ್ದಳು. ನಾಲ್ಕೂ ಭಾಗಗಳನ್ನು ಹನ್ನೆರಡಕ್ಕೆ ತಂದಳು. ಒಂದು, ಆರು, ಎಂಟು, ಒಂಬತ್ತು. ಹೆಸರಿನ ಎದುರು ಬಣ್ಣ ತುಂಬಿದಳು.

ಶಾಲೆಯಲ್ಲಿ ಗಣಿತದ ಸಂಜೆ ಇತ್ತು. ತಂದೆತಾಯಿಯರು ಬಂದು ಗೋಡೆಯ ಮೇಲಿನ ಚಿತ್ರಗಳನ್ನು ನೋಡುತ್ತ ಜ್ಯೂಸು ಕುಡಿಯುತ್ತಿದ್ದರು. ಸುಹಾಸ, ಪೂಜಿತಾ, ರುಕ್ಮಿಣಿ ಮೂವರೂ ಹೋಗಿದ್ದರು. ಅದೇ ತರಗತಿಯ ಜೋಯೆಲ್‌ನ ತಾಯಿ ಸಿಸಿಲಿಯಾ ಆಗಲೇ ಸ್ಪಂದನಾಳ ಭಿತ್ತಿಪತ್ರದ ಮುಂದೆ ನಿಂತಿದ್ದಳು. ಅವಳು ಮಂಗಳೂರಿನವಳು.

"ಇದೆಂತದು ಮಾರಾಯ್ರೆ," ಎಂದು ಅವಳು ಜೋರಾಗಿ ನಕ್ಕಳು. "ಆರು, ಎಂಟು, ಒಂಬತ್ತು, ಒಂದು. ಒಟ್ಟು ಇಪ್ಪತ್ತನಾಲ್ಕು ಆಯ್ತಲ್ಲ! ಹನ್ನೆರಡಕ್ಕೆ ಒಂದು ಮನೆ. ನಿಮ್ಮಲ್ಲಿ ಎರಡು ಮನೆಯ ಕೆಲಸ ಆಗ್ತದೆ. ಒಂದನ್ನು ನಮ್ಮಲ್ಲಿಗೆ ಕಳಿಸಿ, ನಮ್ಮ ರೊನಾಲ್ಡ್ ಒಂದು ಲೋಟ ಎತ್ತಿಡುವುದಿಲ್ಲ."

ಹತ್ತಿರವಿದ್ದ ತೆಲುಗಿನವರೊಬ್ಬರು ಏನೆಂದು ಕೇಳಿದರು. ಸಿಸಿಲಿಯಾ ಅವರಿಗೆ ಇಂಗ್ಲಿಷಿನಲ್ಲಿ ಇನ್ನೊಮ್ಮೆ ವಿವರಿಸಿದಳು. ಅವರೂ ನಕ್ಕರು. ಸುಹಾಸ ಜ್ಯೂಸಿನ ಲೋಟ ಕಸದ ಬುಟ್ಟಿಗೆ ಹಾಕಿ ಕಾರು ತರುತ್ತೇನೆಂದು ಹೊರಟ.

ಟೀಚರು ಪತ್ರದ ಮೂಲೆಯಲ್ಲಿ ಹಳದಿ ಚೀಟಿ ಅಂಟಿಸಿದ್ದರು. ಛೇದ ಸರಿಯಾಗಿದೆ, ಕ್ರಮ ಸರಿಯಾಗಿದೆ, ಆದರೆ ಎಲ್ಲರೂ ಒಂದೇ ಪೂರ್ಣವನ್ನು ಹೇಳುತ್ತಿದ್ದಾರೆಯೇ, ಮತ್ತೊಮ್ಮೆ ನೋಡು ಎಂದು ಅದರಲ್ಲಿತ್ತು.

ಕಾರಿನಲ್ಲಿ ಸುಹಾಸ ಶುರುಮಾಡಿದ. "ನಮ್ಮನೆ ವಿಷಯಾನ ಗೋಡೆಗೆ ಅಂಟಿಸ್ಬೇಕಿತ್ತಾ?"

"ನೀವು ಅರ್ಧ ಅಂದ್ರಿ, ಅವಳು ಅಂಟಿಸಿದ್ಲು," ಎಂದಳು ಪೂಜಿತಾ.

"ಲಾನ್ ಯಾರು ಕತ್ತರಿಸ್ತಾರೆ? ಕಾರ್ ಆಯಿಲ್ ಯಾರು ಚೇಂಜ್ ಮಾಡಿಸ್ತಾರೆ? ಟ್ಯಾಕ್ಸ್ ಯಾರು ಫೈಲ್ ಮಾಡ್ತಾರೆ?"

"ವರ್ಷಕ್ಕೊಂದ್ಸಲ ಟ್ಯಾಕ್ಸ್, ದಿನಕ್ಕೆ ಮೂರು ಹೊತ್ತು ಅಡುಗೆ. ಎರಡೂ ಒಂದೊಂದು ಅಂತ ಎಣಿಸಿದ್ರೆ ಅರ್ಧ ಆಗೇ ಆಗುತ್ತೆ."

"ನಾನು ಬರೀ ಅಡುಗೆಮನೆ ಅಂದ್ಕೊಂಡು ಹೇಳಿದ್ದು," ಎಂದರು ರುಕ್ಮಿಣಿ ಹಿಂದಿನ ಸೀಟಿನಿಂದ. "ಅಡುಗೆಮನೇಲಿ ಮೂರಲ್ಲಿ ಎರಡು ನಂದಲ್ವಾ ಪೂಜಿ?"

"ಅತ್ತೆ, ನಾನು ಬಚ್ಚಲು, ಬಟ್ಟೆ, ಅವಳ ಸ್ಕೂಲು, ಡಾಕ್ಟ್ರು, ಎಲ್ಲಾ ಸೇರಿಸಿ ಹೇಳಿದ್ದು."

"ಅದಕ್ಕೇ ರಾಂಗ್ ಆಗಿದ್ದು," ಎಂದಳು ಸ್ಪಂದನಾ. "ಎಲ್ಲರ ಚಪಾತಿ ಬೇರೆ ಬೇರೆ. ಅಪ್ಪಂದು ಪುಟಾಣಿ."

ಯಾರೂ ನಗಲಿಲ್ಲ. ಮನೆ ತಲುಪಿದ ಮೇಲೆ ಪೂಜಿತಾ ಕಾರಿನಿಂದ ಇಳಿಯದೆಯೇ ಹೇಳಿದಳು. "ಸರಿಯಾಗಿ ಎಣಿಸೋಣ. ಒಂದು ವಾರ ಈಗ ಇರೋ ಹಾಗೆ. ಅದಾದ್ಮೇಲೆ ಒಂದು ವಾರ ನಾನು ಕೆಲಸಕ್ಕೆ ಹೋದ್ರೆ ಹೇಗಿರ್ಬೇಕೋ ಹಾಗೆ. ಎರಡನೇ ವಾರದಲ್ಲಿ ನಿಮ್ಮ ಪಾಲು ಹನ್ನೆರಡರಲ್ಲಿ ಐದು ಬಂದ್ರೆ ನಾನು ಲ್ಯಾಬ್‌ಗೆ ಹೂಂ ಅಂತೀನಿ. ಬರದಿದ್ರೆ ಬಿಡ್ತೀನಿ. ಸೇರ್ಕೊಂಡು, ಮೂರು ವಾರಕ್ಕೆ ಬಿಟ್ಟು, ಅವರ ಹತ್ರ ಬೈಸ್ಕೊಳ್ಳೋಕೆ ನಂಗಾಗಲ್ಲ."

"ಆರು ಬೇಡ್ವಾ? ಐದೇ ಯಾಕೆ?"

"ಆರು ಕೇಳಿದ್ರೆ ಕೊಡ್ತೀಯಾ?" ಎಂದಳು. ಅತ್ತೆ ಆಗಲೇ ಬಾಗಿಲ ಹತ್ತಿರ ಹೋಗಿದ್ದರು.

ಅರ್ಧ ಗಂಟೆಯ ಕೆಲಸಕ್ಕೆ ಒಂದು ಚುಕ್ಕಿ ಎಂದು ನಿಶ್ಚಯವಾಯಿತು. ಫ್ರಿಜ್ಜಿನ ಮೇಲೆ ದೊಡ್ಡ ಹಾಳೆ ಬಂತು. ಅಪ್ಪನಿಗೆ ನೀಲಿ, ಅಮ್ಮನಿಗೆ ಕೆಂಪು, ಅಜ್ಜಿಗೆ ಹಳದಿ, ತನಗೆ ಹಸಿರು ಎಂದು ಸ್ಪಂದನಾ ಸ್ಟಿಕ್ಕರು ಹಂಚಿದಳು. ವಾರದ ಕೊನೆಗೆ ಎಲ್ಲ ಚುಕ್ಕಿಗಳನ್ನೂ ಹನ್ನೆರಡು ಗುಂಪು ಮಾಡಿದಳು. ಒಂದೆರಡು ಚುಕ್ಕಿ ಹೆಚ್ಚುಕಡಿಮೆಯಾದರೆ ಪರವಾಗಿಲ್ಲ ಎಂದು ಟೀಚರು ಹೇಳಿದ್ದರು. ಮೊದಲ ವಾರ ಆರು ಗುಂಪು ಕೆಂಪು, ನಾಲ್ಕು ಹಳದಿ, ಒಂದು ಹಸಿರು, ಒಂದು ನೀಲಿ.

"ಅಪ್ಪಾ, ನಾನೂ ನೀನೂ ಟೈ!"

ಸುಹಾಸ ಹಾಳೆಯ ಮುಂದೆ ಬಹಳ ಹೊತ್ತು ನಿಂತ. ಲಾನ್ ಕತ್ತರಿಸಲು ಫೆಬ್ರವರಿಯಲ್ಲಿ ಹುಲ್ಲೇ ಇರಲಿಲ್ಲ. "ಆಯ್ತು," ಎಂದ. "ಮುಂದಿನ ವಾರ ನೋಡಿ."

ಅವನ ಪಾಲಿಗೆ ಬಂದ ಕೆಲಸಗಳೆಂದರೆ ಸ್ಪಂದನಾಳ ತಿಂಡಿ ಮತ್ತು ಡಬ್ಬಿ, ಅವಳನ್ನು ಶಾಲೆಯ ಬಸ್ಸು ಹತ್ತಿಸುವುದು, ರಾತ್ರಿಯ ಪಾತ್ರೆ, ಬಟ್ಟೆ ಒಗೆದು ಮಡಚುವುದು, ಕಸ ಗುಡಿಸುವ ಯಂತ್ರ ಓಡಿಸುವುದು. ಪಾತ್ರೆಯನ್ನು ಬೆಳಿಗ್ಗೆ ಎದ್ದು ತೊಳೆಯುತ್ತೇನೆಂದ. ಎರಡು ದಿನ ಎದ್ದ. ಕುಕ್ಕರಿನ ತಳದಲ್ಲಿ ಬೇಳೆ ಅಂಟಿಕೊಂಡೇ ಇತ್ತು, ಡಬ್ಬಿಯಲ್ಲಿ ಬ್ರೆಡ್ಡಿಗೆ ಜಾಮ್ ಇತ್ತು. ಆದರೆ ಎದ್ದ.

ರುಕ್ಮಿಣಿ ಐದಕ್ಕೇ ಏಳುವವರು. ಮಗ ನಿದ್ದೆಗಣ್ಣಲ್ಲಿ ಸಿಂಕಿನ ಮುಂದೆ ನಿಂತು ಮುಸುರೆ ತಿಕ್ಕುವುದನ್ನು ಎರಡು ದಿನ ಮೆಟ್ಟಿಲ ಮೇಲಿನಿಂದ ನೋಡಿದರು. ಮೂರನೆಯ ದಿನ ಅವನು ಇಳಿದು ಬರುವ ಹೊತ್ತಿಗೆ ಪಾತ್ರೆಯೆಲ್ಲ ಒರೆಸಿ ಕಪಾಟಿನಲ್ಲಿ ಕೂತಿತ್ತು. ಡಬ್ಬಿಯಲ್ಲಿ ನಿಂಬೆಹಣ್ಣಿನ ಚಿತ್ರಾನ್ನ ಇತ್ತು.

"ಅಮ್ಮಾ, ನಾನು ಮಾಡ್ತಿದ್ದೆ."

"ಹೋಗೋ, ಸ್ನಾನ ಮಾಡು. ಪೂಜಿ ಏಳೋಷ್ಟರಲ್ಲಿ ಹೋಗು."

ಅವನು ಹೋದ. ಮರುದಿನ ಅಲಾರಂ ಇಡಲಿಲ್ಲ.

ಸ್ಪಂದನಾ ಒಂದು ಬೆಳಿಗ್ಗೆ ನೀರು ಕುಡಿಯಲು ಕೆಳಗೆ ಬಂದಾಗ ಅಜ್ಜಿ ಅಪ್ಪನ ಅಂಗಿ ಮಡಚುತ್ತಿದ್ದರು. ಅವಳು ಹಳದಿ ಸ್ಟಿಕ್ಕರು ತೆಗೆದಳು.

"ಅದಲ್ಲ. ನೀಲಿ ಹಾಕು," ಎಂದರು ರುಕ್ಮಿಣಿ.

"ನೀವು ಮಾಡಿದ್ದಲ್ವಾ?"

"ಅವನ ಕೈ ಬೇರೆ, ನನ್ನ ಕೈ ಬೇರೇನಾ? ನಿಮ್ಮಮ್ಮ ಕೆಲಸಕ್ಕೆ ಹೋಗ್ಬೇಕೋ ಬೇಡ್ವೋ?"

"ಹೋಗ್ಬೇಕು."

"ಹಾಗಾದ್ರೆ ನೀಲಿ ಹಾಕು. ಬಾಯಿ ಬಿಡಬೇಡ."

ಎರಡನೇ ವಾರ ಮುಗಿದಾಗ ಐದು ಗುಂಪು ನೀಲಿ, ನಾಲ್ಕು ಕೆಂಪು, ಎರಡು ಹಳದಿ, ಒಂದು ಹಸಿರು ಬಂತು. ಪೂಜಿತಾ ಹಾಳೆಯನ್ನು ಎರಡು ಸಲ ನೋಡಿದಳು. ಗಂಡನ ಬೆನ್ನ ಮೇಲೆ ಒಂದು ಗುದ್ದು ಕೊಟ್ಟು, "ಪರವಾಗಿಲ್ವೇ," ಎಂದಳು. ಸುಹಾಸ ನಕ್ಕ. ರುಕ್ಮಿಣಿ ಒಲೆಯ ಕಡೆ ತಿರುಗಿ ನಿಂತಿದ್ದರು. ಅಂದು ಸಂಜೆ ಕೇಸರಿಬಾತ್ ಆಯಿತು. ಸೋಮವಾರ ಪೂಜಿತಾ ಲ್ಯಾಬ್‌ಗೆ ಒಪ್ಪಿಗೆ ತಿಳಿಸಿದಳು. ಈ ಎಣಿಕೆಯಿಂದ ಸ್ಪಂದನಾ ಮಾಡಿದ ಹೊಸ ಭಿತ್ತಿಪತ್ರಕ್ಕೆ ಟೀಚರು ನಕ್ಷತ್ರ ಅಂಟಿಸಿದರು.

ಮಾರ್ಚಿನಲ್ಲಿ ಅವಳು ಕೆಲಸಕ್ಕೆ ಸೇರಿದಳು. ಊಟಕ್ಕೆ ಕೂತಾಗ ಮಾಂಸದ ಕಂಪನಿಗಳು ಕಳಿಸುವ ಸ್ಯಾಂಪಲ್ ಬಗ್ಗೆ ಹೇಳಲು ಹೋದರೆ ರುಕ್ಮಿಣಿ ಕಿವಿ ಮುಚ್ಚಿಕೊಳ್ಳುತ್ತಿದ್ದರು. "ಊಟದ ಮಧ್ಯ ಬೇಡ ಕಣೆ, ಆಮೇಲೆ ಹೇಳು." ಊಟವಾದ ಮೇಲೆ ಅವರೇ ಕೇಳುತ್ತಿದ್ದರು. "ಅದೇನೋ ಹುಳ ಅಂದ್ಯಲ್ಲ, ಅದು ಸಿಗ್ತಾ?" ಸಂಬಳ ಬಂದ ದಿನ ಪೂಜಿತಾ ಅತ್ತೆಗೆ ಮೆತ್ತನೆಯ ಅಟ್ಟೆಯ ಚಪ್ಪಲಿ ತಂದಳು. ಮೂರು ವಾರ ಮನೆ ನಡೆಯಿತು.

ಏಪ್ರಿಲ್ ಮೊದಲ ಭಾನುವಾರ ರುಕ್ಮಿಣಿ ಹತ್ತಿರದ ಎವರೆಟ್ ಊರಿಗೆ ಹೋದರು. ಅಲ್ಲಿ ಅವರ ತಂಗಿಯ ಮಗಳು ಭಾನುಮತಿ ಇದ್ದಳು. ಅವಳ ಮಗುವಿನ ನಾಮಕರಣ. ಒಂದು ವಾರ ಇರಬೇಕೆಂದು ಭಾನುಮತಿ ಹಟ ಹಿಡಿದಿದ್ದಳು.

ಸೋಮವಾರ ಬೆಳಿಗ್ಗೆ ಪೂಜಿತಾ ಇಳಿದು ಬಂದಾಗ ಹಿಂದಿನ ರಾತ್ರಿಯ ಪಾತ್ರೆ ಸಿಂಕಿನಲ್ಲೇ ಇತ್ತು. ಡಬ್ಬಿ ಕಟ್ಟಿರಲಿಲ್ಲ. ಅವಳೇ ಕಟ್ಟಿ, ಕಾಲು ಗಂಟೆ ತಡವಾಗಿ ಲ್ಯಾಬ್ ತಲುಪಿದಳು. ಮಂಗಳವಾರ ಸ್ಪಂದನಾಳಿಗೆ ತೊಡಲು ಒಣಗಿದ ಪ್ಯಾಂಟ್ ಇರಲಿಲ್ಲ. ಒಗೆಯುವ ಯಂತ್ರದಲ್ಲಿ ಎರಡು ದಿನದಿಂದ ಒದ್ದೆ ಬಟ್ಟೆ ಮುಗ್ಗಲು ನಾರುತ್ತಿತ್ತು. ಅಂದೂ ತಡವಾಯಿತು. ಮೇಲ್ವಿಚಾರಕಿ ಪಕ್ಕಕ್ಕೆ ಕರೆದು ಹೇಳಿದಳು: ಏಳಕ್ಕೆ ಸ್ಯಾಂಪಲ್ ಬರುತ್ತದೆ, ಅದು ಕಾಯುವುದಿಲ್ಲ. ನೀನಿನ್ನೂ ಹೊಸಬಳು. ಮೂರನೇ ಸಲ ಆದರೆ ಬೇರೆಯವರನ್ನು ನೋಡಬೇಕಾಗುತ್ತದೆ.

ಸಂಜೆ ಸುಹಾಸ ಬಸ್ಸಿಳಿದು ಬಂದಾಗ ಪೂಜಿತಾ ಕೋಟು ಕಳಚದೆ ಅಡುಗೆಮನೆಯಲ್ಲಿ ಕೂತಿದ್ದಳು.

"ಅತ್ತೆ ಪಾಲು ಎಷ್ಟಿತ್ತು?"

"ಯಾವ ಪಾಲು?"

"ಫ್ರಿಜ್ ಮೇಲಿನ ಹಾಳೇಲಿ."

"ಎರಡೋ ಏನೋ."

"ಹನ್ನೆರಡರಲ್ಲಿ ಎರಡು. ಅವರು ಊರಲ್ಲಿಲ್ಲ ಅಂದ್ರೆ ಎರಡು ನಿಲ್ಬೇಕು. ಸಾರು, ಪಲ್ಯ, ಅಷ್ಟೆ. ಇಲ್ಲಿ ಪಾತ್ರೆ ನಿಂತಿದೆ, ಡಬ್ಬಿ ನಿಂತಿದೆ, ಬಟ್ಟೆ ನಿಂತಿದೆ, ಕಸ ನಿಂತಿದೆ. ಆರು ನಿಂತಿದೆ. ಆ ನಾಲ್ಕು ಯಾರದ್ದು?"

"ಎರಡು ದಿನ ಆಫೀಸಲ್ಲಿ ಬಿಝಿ ಇದ್ದೆ ಪೂಜಿ."

"ನಾಲ್ಕು ಯಾರದ್ದು ಅಂತ ಕೇಳ್ದೆ."

ಮೇಜಿನ ಬಳಿಯಿದ್ದ ಸ್ಪಂದನಾ ಪೆನ್ಸಿಲ್ ಕೆಳಗಿಟ್ಟಳು. "ಅಜ್ಜಿ ನೀಲಿ ಹಾಕು ಅಂದ್ರು. ನಾನು ಹಾಕ್ದೆ. ನೀನು ಕೆಲಸಕ್ಕೆ ಹೋಗ್ಲಿ ಅಂತ."

"ನೀನು ಮೇಲೆ ಹೋಗು," ಎಂದ ಸುಹಾಸ.

"ಇರಲಿ, ಎಣಿಸಿದವಳು ಅವಳೇ," ಎಂದಳು ಪೂಜಿತಾ. "ಹಾಗಾದ್ರೆ ನಿನ್ನದು ಈಗಲೂ ಒಂದೇ. ಒಂಬತ್ತು ವರ್ಷದವಳದ್ದೂ ಒಂದೇ."

"ಅಮ್ಮ ಮಾಡಿದ್ದು. ನಾನು ಕೇಳ್ಲಿಲ್ಲ."

"ಬೇಡ ಅಂದ್ಯಾ?"

"ಅಮ್ಮಂಗೆ ಹೇಗೆ ಬೇಡ ಅನ್ನೋದು? ನೋಡು, ಈ ಕೆಲಸಕ್ಕೆ ಇಷ್ಟೊಂದು ಒದ್ದಾಟ ಬೇಕಾ? ಅಮ್ಮನ ವೀಸಾ ಇನ್ನಾರು ತಿಂಗಳು ಎಕ್ಸ್‌ಟೆಂಡ್ ಮಾಡ್ಸೋಣ. ಅಷ್ಟರಲ್ಲಿ ಏನಾದ್ರೂ ದಾರಿ ಆಗುತ್ತೆ."

"ಅರವತ್ತೆಂಟು ವರ್ಷದ ಹೆಂಗಸು ನಿನ್ನ ಐದರಲ್ಲಿ ನಾಲ್ಕು ಹೊರೋದು ದಾರಿನಾ?"

ಅಂದು ಊಟಕ್ಕೆ ಯಾರೂ ಅಡುಗೆ ಮಾಡಲಿಲ್ಲ. ಸ್ಪಂದನಾ ಸೀರಿಯಲ್ ತಿಂದಳು. ಬುಧವಾರದಿಂದ ಪೂಜಿತಾ ನಾಲ್ಕೂವರೆಗೆ ಎದ್ದು ಎಲ್ಲವನ್ನೂ ತಾನೇ ಮಾಡಿ ಆರೂವರೆಗೆ ಹೊರಟಳು. ಸಮಯಕ್ಕೆ ತಲುಪಿದಳು. ಶುಕ್ರವಾರ ಸಂಜೆ ಸೋಫಾದ ಮೇಲೆ ಶೂ ಹಾಕಿಕೊಂಡೇ ನಿದ್ದೆ ಹೋದಳು. ಹೀಗೆ ಎಷ್ಟು ದಿನ ನಡೆಯುತ್ತದೆಂದು ಅವಳಿಗೂ ಗೊತ್ತಿತ್ತು, ಸುಹಾಸನಿಗೂ ಗೊತ್ತಿತ್ತು. ಅವನು ಫೋನು ಮಾಡಿ ತಾಯಿಯನ್ನು ಒಂದು ದಿನ ಮೊದಲೇ ಕರೆಸಿಕೊಂಡ.

ಶನಿವಾರ ಮಧ್ಯಾಹ್ನ ಭಾನುಮತಿ ರುಕ್ಮಿಣಿಯನ್ನು ಬಿಟ್ಟು, ಒಂದು ಡಬ್ಬಿ ಚಿರೋಟಿ ಕೊಟ್ಟು, ಕಾಫಿ ಕುಡಿದು ಹೋದಳು. ಅವಳ ಕಾರು ತಿರುಗುವ ತನಕ ಎಲ್ಲರೂ ನಗುತ್ತ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬಂದವರೇ ರುಕ್ಮಿಣಿ ಸೆರಗು ಸಿಕ್ಕಿಸಿ ಸಿಂಕಿನ ಕಡೆ ನಡೆದರು.

"ಅತ್ತೆ, ಅದನ್ನ ಮುಟ್ಬೇಡಿ."

"ಯಾಕೆ?"

"ಅದು ಅವರ ಪಾಲು. ನಂಗೆಲ್ಲಾ ಗೊತ್ತಾಯ್ತು."

ರುಕ್ಮಿಣಿ ಮೊಮ್ಮಗಳ ಕಡೆ ನೋಡಿದರು. ಸ್ಪಂದನಾ ಚಿರೋಟಿಯ ಡಬ್ಬಿ ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

"ಗೊತ್ತಾದ್ರೆ ಆಗ್ಲಿ," ಎಂದರು ರುಕ್ಮಿಣಿ. "ಕದ್ದಿಲ್ಲ, ಸುಳ್ಳು ಸಾಕ್ಷಿ ಹೇಳಿಲ್ಲ. ನನ್ನ ಮಗ ಮುಸುರೆ ತಿಕ್ಕೋದು ನೋಡಕ್ಕಾಗ್ಲಿಲ್ಲ. ನಿನಗೆ ಕೆಲಸ ಬೇಕಿತ್ತು. ಎರಡೂ ಆಗ್ಲಿ ಅಂತ ಮಾಡ್ದೆ."

"ನೀವು ಮೇನಲ್ಲಿ ಹೊರಡ್ತೀರಿ. ಆಮೇಲೆ?"

"ಎಕ್ಸ್‌ಟೆಂಡ್ ಮಾಡ್ಸೋಣ ಅಮ್ಮಾ, ಇನ್ನಾರು ತಿಂಗಳು ಇರು," ಎಂದ ಸುಹಾಸ.

"ಇದ್ರೆ ಆಯ್ತಪ್ಪ. ಅದಕ್ಕೇನು."

"ನೀವು ಇದ್ರೆ ನಾನು ಕೆಲಸ ಬಿಡ್ತೀನಿ," ಎಂದಳು ಪೂಜಿತಾ. ದನಿ ಏರಿಸಲಿಲ್ಲ. "ನೀವಿರೋದು ಬೇಡ ಅಂತಲ್ಲ. ವರ್ಷ ಇರಿ. ಆದ್ರೆ ಅವರ ಪಾಲು ನೀವು ಮಾಡೋ ಹಾಗಿದ್ರೆ ಬೇಡ. ನೀವು ಹೋದ ದಿನ ಎಲ್ಲಾ ನನ್ನ ತಲೆ ಮೇಲೆ ಬೀಳುತ್ತೆ. ಆಗ ಬಿಡೋ ಬದಲು ಈಗಲೇ ಬಿಡ್ತೀನಿ."

"ಅಂದ್ರೆ ಅಡುಗೆಮನೆಗೆ ಕಾಲಿಡಬೇಡ ಅಂತೀಯಾ ನನಗೆ?"

"ಅವರ ಪಾಲಿಗೆ ಕೈ ಹಾಕ್ಬೇಡಿ ಅಂತೀನಿ."

"ಗಂಡಸು ಆಫೀಸಿಗೆ ಹೋಗಿ ದುಡಿದು ಬಂದು..."

"ನಾನೂ ಹೋಗಿ ಬರ್ತೀನಿ ಅತ್ತೆ."

"ಅವನಿಗೆ ಬರಲ್ಲ ಕಣೆ!"

"ನಂಗೂ ಬರ್ತಿರ್ಲಿಲ್ಲ. ಮದುವೆ ಆದ ಹೊಸದ್ರಲ್ಲಿ ನನ್ನ ಸಾರು ನೋಡಿ ನೀವೇ ಏನಂದಿದ್ರಿ? ಪಾತ್ರೆ ತೊಳೆದ ನೀರು ಅಂದಿದ್ರಿ."

ರುಕ್ಮಿಣಿ ಅಂದು ಊಟಕ್ಕೆ ಬರಲಿಲ್ಲ. ಹಸಿವಿಲ್ಲ ಎಂದು ಕೋಣೆ ಸೇರಿದರು. ಭಾನುವಾರ ಪೂಜಿತಾ ಮಗಳನ್ನು ಕರೆದುಕೊಂಡು ಅಂಗಡಿಗೆ ಹೋಗಿದ್ದಾಗ ಹೊರಗೆ ಬಂದರು. ಸುಹಾಸ ಟಿವಿ ಮುಂದೆ ಕೂತಿದ್ದ.

"ಏನಾದ್ರೂ ತಿಂತೀಯಾ ಅಮ್ಮಾ?"

"ಏನಿದೆ?"

ಅವನು ಎದ್ದು ಫ್ರಿಜ್ ತೆರೆದು ನೋಡಿದ. "ಅವಳು ಬಂದು ಏನಾದ್ರೂ ಮಾಡ್ತಾಳೆ."

ರುಕ್ಮಿಣಿ ಅವನ ಎದುರು ಕೂತರು. "ಸುಹಾಸ, ಆವತ್ತು ಹಾಳೆ ನೋಡಿ ಅವಳು ಬೆನ್ನಿಗೆ ಗುದ್ದಿದ್ಲಲ್ಲ, ಪರವಾಗಿಲ್ವೇ ಅಂತ. ನೀನು ನಕ್ಕೆ."

"ಹೂಂ."

"ಅಮ್ಮ ಮಾಡಿದ್ದು ಅಂತ ಒಂದು ಮಾತು ಅನ್ನಬಹುದಿತ್ತು."

"ನೀನೇ ತಾನೇ ಅವಳಿಗೆ ಗೊತ್ತಾಗದೆ ಇರಲಿ ಅಂದಿದ್ದು!"

"ಅಂದೆ. ನಾನು ಮುಚ್ಚಿಟ್ಟೆ. ನೀನು ಐದು ಅಂತ ಎಣಿಸ್ಕೊಂಡೆ."

"ಈಗ ನೀನೂ ಅವಳ ಕಡೆನಾ?"

"ಇಲ್ಲಪ್ಪ. ಹಸಿವಾಗ್ತಿದೆ, ಅಷ್ಟೆ," ಎಂದು ರುಕ್ಮಿಣಿ ಎದ್ದು ತಮಗೆ ಮಾತ್ರ ಮೊಸರನ್ನ ಕಲಸಿಕೊಂಡರು.

ಸೋಮವಾರ ಆರೂವರೆಗೆ ಪೂಜಿತಾ ಹೊರಟಳು. ಡಬ್ಬಿ ಕಟ್ಟಲಿಲ್ಲ, ಸಿಂಕಿನತ್ತ ನೋಡಲಿಲ್ಲ. ಕಾರಿನ ಕೀಲಿ ತೆಗೆದುಕೊಂಡು,

"ಅತ್ತೆ, ಬರ್ತೀನಿ," ಎಂದಳು.

"ಹೋಗ್ಬಾ," ಎಂದರು ರುಕ್ಮಿಣಿ. ಅವರು ಐದಕ್ಕೆ ಎದ್ದು, ಸ್ನಾನ, ಪೂಜೆ ಮುಗಿಸಿ, ತಮ್ಮ ಕಾಫಿ ಮಾಡಿಕೊಂಡು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು.

ಸುಹಾಸ ಏಳೂವರೆಗೆ ಇಳಿದು ಬಂದ. ಸಿಂಕಿನಲ್ಲಿ ಹಿಂದಿನ ರಾತ್ರಿಯ ಬಾಣಲೆ, ಕುಕ್ಕರು, ಎಲ್ಲರ ತಟ್ಟೆ ಇದ್ದವು. ತಾಯಿಯ ಕಡೆ ನೋಡಿದ. ಅವರು ಕಾಫಿ ಲೋಟ ಹಿಡಿದು ಹೊರಗೆ ನೋಡುತ್ತಿದ್ದರು. ಅವನು ಉಪ್ಪಿಟ್ಟಿಗೆ ನೀರಿಟ್ಟ. ರವೆ ಸುರಿದಾಗ ಗಂಟಾಯಿತು.

"ಅಮ್ಮಾ, ಇದು ಗಂಟಾಯ್ತು."

"ಹೂಂ."

"ಏನ್ ಮಾಡ್ಲಿ?"

"ಗಂಟು ಒಡಿ."

ಸ್ಪಂದನಾ ಗಂಟುಗಳನ್ನು ತಟ್ಟೆಯ ಅಂಚಿಗೆ ಸರಿಸುತ್ತ ತಿಂದಳು. ಡಬ್ಬಿಗೂ ಅದೇ ಹೋಯಿತು. ಎಂಟೂ ಮುಕ್ಕಾಲಿಗೆ ಅವಳ ಜಾಕೆಟ್ ಸಿಗಲಿಲ್ಲ. ಸುಹಾಸ ಕಪಾಟು, ಕೋಣೆ, ಒಗೆಯುವ ಯಂತ್ರ ಎಲ್ಲ ನೋಡಿದ. ಪೂಜಿತಾಳಿಗೆ ಫೋನು ಮಾಡಿದ. ಮತ್ತೆ ಮಾಡಿದ. ಲ್ಯಾಬ್‌ನಲ್ಲಿ ಫೋನುಗಳನ್ನು ಹೊರಗಿನ ಲಾಕರಿನಲ್ಲಿಟ್ಟು ಒಳಗೆ ಹೋಗಬೇಕಿತ್ತು. ಅದು ಅಲ್ಲಿ ಕತ್ತಲಲ್ಲಿ ರಿಂಗಾಗಿ ನಿಂತಿತು.

"ಅವಳು ಎತ್ತಲ್ಲ," ಎಂದರು ರುಕ್ಮಿಣಿ. "ನೀನೇ ಹುಡುಕು."

ಜಾಕೆಟ್ ಊಟದ ಮೇಜಿನ ಕೆಳಗೆ ಬಿದ್ದಿತ್ತು. ಕೂತಲ್ಲಿಂದ ಅವರಿಗೆ ಅದರ ತೋಳು ಕಾಣುತ್ತಿತ್ತು. ಅವರು ಕಾಫಿಯ ಕೊನೆಯ ಗುಟುಕು ಕುಡಿದರು.

ಅದು ಸಿಕ್ಕುವಷ್ಟರಲ್ಲಿ ಶಾಲೆಯ ಬಸ್ಸು ಹೋಗಿತ್ತು. ಮನೆಯಲ್ಲಿ ಕಾರಿರಲಿಲ್ಲ. ಸುಹಾಸ ಆಫೀಸಿಗೆ ತಡವಾಗುತ್ತದೆಂದು ಮೆಸೇಜು ಹಾಕಿ, ಒಂದು ಕೈಯಲ್ಲಿ ಮಗಳ ಚೀಲ, ಇನ್ನೊಂದರಲ್ಲಿ ತನ್ನ ಲ್ಯಾಪ್‌ಟಾಪ್ ಹಿಡಿದು ಹೊರಬಿದ್ದ. ಶಾಲೆಗೆ ಅರ್ಧ ಗಂಟೆಯ ನಡಿಗೆ. ಬಾಗಿಲಲ್ಲಿ ತಿರುಗಿ, "ಪಾತ್ರೆ ಬಂದು ತೊಳೀತೀನಿ," ಎಂದ. ದನಿಯಲ್ಲಿ ಸ್ವಲ್ಪ ಪ್ರಶ್ನೆಯಿತ್ತು.

"ಆಯ್ತು," ಎಂದರು ರುಕ್ಮಿಣಿ.

ಮನೆ ಸದ್ದಡಗಿತು. ಗಂಟು ಗಂಟಾದ ಉಪ್ಪಿಟ್ಟಿನ ಪಾತ್ರೆಯೂ ಸೇರಿ ಸಿಂಕು ತುಂಬಿತ್ತು. ಅಷ್ಟನ್ನೂ ತೊಳೆಯಲು ಅವರಿಗೆ ಕಾಲು ಗಂಟೆ ಸಾಕಿತ್ತು. ನೋಡುವವರು ಯಾರೂ ಇರಲಿಲ್ಲ. ರುಕ್ಮಿಣಿ ಎದ್ದರು, ಸಿಂಕಿನ ಹತ್ತಿರ ಹೋದರು, ತಮ್ಮ ಕಾಫಿ ಲೋಟವೊಂದನ್ನು ತೊಳೆದು ಬೋರಲು ಹಾಕಿದರು. ಸಿಂಕಿನ ಮೇಲಿನ ದೀಪ ಆರಿಸಿ, ಬಂದು ಮತ್ತೆ ಕುರ್ಚಿಯಲ್ಲಿ ಕೂತರು.